‘ಣ’ಗೆ ಹೆಸರು ಹುಡುಕಿದ್ದು: ಹಸ್ತ ಮೂರನೇ ಪಾದದ ಒಂದು ತಮಿಳು ನಾಮಕರಣ

ಕೊಯಮತ್ತೂರಿನ ಒಂದು ಮನೆ, ಮೊದಲ ಹೆಣ್ಣು ಮಗು. ಆಸ್ಪತ್ರೆಯ ದಾಖಲೆಯ ಪ್ರಕಾರ ಹುಟ್ಟಿದ ಹೊತ್ತು 16-03-2025, ರಾತ್ರಿ 12 ಗಂಟೆ 40 ನಿಮಿಷ. ಮನೆಯವರ ಹೆಸರು ಈ ಬರಹಕ್ಕೆ ಬೇಕಿಲ್ಲ. ತಂದೆಯ ಇನಿಶಿಯಲ್ ‘ಪಿ’ ಎಂಬುದಷ್ಟೇ ಲೆಕ್ಕಕ್ಕೆ ಬರುತ್ತದೆ.

ಹೆಸರಿನ ವಿಷಯಕ್ಕೆ ಮನೆಯಲ್ಲಿ ಮೂರು ಬೇಡಿಕೆಗಳಿದ್ದವು. ಹೆಸರು ಜನ್ಮನಕ್ಷತ್ರದ ಅಕ್ಷರದಿಂದಲೇ ಶುರುವಾಗಬೇಕು ಎಂದರು ಪಾಟ್ಟಿ, ಅಂದರೆ ಅಜ್ಜಿ. ‘ಎಣ್ ಕಣಿದಂ’, ಅಂದರೆ ಸಂಖ್ಯಾಶಾಸ್ತ್ರ, ಕೂಡಿಬರಬೇಕು ಎಂದರು ತಾತ್ತಾ. ಅಪ್ಪ ಅಮ್ಮನಿಗೆ ಬೇಕಾದದ್ದು ಅಚ್ಚ ತಮಿಳು ಹೆಸರು: ಸಂಸ್ಕೃತದ್ದಲ್ಲ, ಸಂಸ್ಕೃತ ಪದಗಳಿಗಾಗಿ ತಮಿಳು ಬರಹಕ್ಕೆ ಸೇರಿದ ಷ, ಸ, ಜ, ಹ ಎಂಬ ಗ್ರಂಥಾಕ್ಷರಗಳಿಲ್ಲದ್ದು. 1916ರ ಹೊತ್ತಿಗೆ ಶುರುವಾದ ತನಿತ್ತಮಿಳ್ (ಅಚ್ಚ ತಮಿಳು) ಚಳವಳಿಯ ಬೇರು ಈ ಮೂರನೆಯ ಬೇಡಿಕೆಯಲ್ಲಿದೆ. ಆ ಚಳವಳಿಯ ಮುಂದಾಳು ಸ್ವಾಮಿ ವೇದಾಚಲಂ ತಮ್ಮ ಹೆಸರನ್ನೇ ತಮಿಳಾಗಿಸಿ ಮರೈಮಲೈ ಅಡಿಗಳ್ ಆದವರು. ವೇದಕ್ಕೆ ಮರೈ, ಅಚಲಕ್ಕೆ ಮಲೈ.

ಮೂರೂ ಬೇಡಿಕೆ ಒಂದೇ ಹೆಸರಿನಲ್ಲಿ ಕೂಡುವುದು ಕಷ್ಟ. ಹಸ್ತ ನಕ್ಷತ್ರದಲ್ಲಂತೂ ಇನ್ನೂ ಕಷ್ಟ. ಆದರೆ ಈ ಪ್ರಕರಣದಲ್ಲಿ ಮೊದಲು ದಾರಿ ತಪ್ಪಿದ್ದು ನಕ್ಷತ್ರದಲ್ಲಲ್ಲ, ತಾರೀಖಿನಲ್ಲಿ.

ಶನಿವಾರವೋ ಭಾನುವಾರವೋ

ಹೆರಿಗೆಯಾದದ್ದು ಶನಿವಾರ ರಾತ್ರಿ ಎಂದೇ ಎಲ್ಲರ ಬಾಯಲ್ಲಿತ್ತು. ಪಂಚಾಂಗದ ಮಟ್ಟಿಗೆ ಅದು ಸರಿ. ವಾರ ಬದಲಾಗುವುದು ಸೂರ್ಯೋದಯಕ್ಕೆ, ಮಧ್ಯರಾತ್ರಿಗಲ್ಲ. ಆದ್ದರಿಂದ ಜಾತಕದಲ್ಲಿ ಬರೆದ ವಾರ ಶನಿಯೇ. ತಾತ್ತಾ ಅದನ್ನೇ ಹಿಡಿದು ಸಂಖ್ಯಾಶಾಸ್ತ್ರದ ಒಂದು ಆ್ಯಪಿನಲ್ಲಿ 15-03-2025 ಎಂದು ತುಂಬಿದರು. ಹುಟ್ಟು ಸಂಖ್ಯೆ 15ರಿಂದ 6 ಬಂತು. ವಿಧಿ ಸಂಖ್ಯೆಗೆ ದಿನ, ತಿಂಗಳು, ವರ್ಷದ ಅಂಕಿಗಳನ್ನೆಲ್ಲ ಕೂಡಿದರೆ 18, ಅಂದರೆ 9. ಆ್ಯಪು 3, 6, 9ರ ಹೆಸರುಗಳ ಉದ್ದನೆಯ ಪಟ್ಟಿ ಕೊಟ್ಟಿತು. ನಾಲ್ಕು ದಿನ ಮನೆಯಲ್ಲಿ ಅದರದೇ ಮಾತು.

ಸಂಖ್ಯಾಶಾಸ್ತ್ರ ನಿಂತಿರುವುದೇ ಇಂಗ್ಲಿಷ್ ಕ್ಯಾಲೆಂಡರಿನ ಅಂಕಿಗಳ ಮೇಲೆ, ಆ ಕ್ಯಾಲೆಂಡರಿನಲ್ಲಿ ದಿನ ಮಗುಚುವುದು ಮಧ್ಯರಾತ್ರಿಗೆ. 12.40 ಎಂದರೆ ತಾರೀಖು 16. ಹುಟ್ಟು ಸಂಖ್ಯೆ 1+6, ಅಂದರೆ 7. ವಿಧಿ ಸಂಖ್ಯೆ 1+6+0+3+2+0+2+5 = 19, ಅದು 10, ಕೊನೆಗೆ 1. 6 ಮತ್ತು 9 ಇದ್ದ ಕಡೆ ಈಗ 7 ಮತ್ತು 1. ಮೊದಲ ಪಟ್ಟಿ ಪೂರ್ತಿ ವ್ಯರ್ಥ.

ರಾತ್ರಿ 12ರಿಂದ ಸೂರ್ಯೋದಯದೊಳಗೆ ಹುಟ್ಟಿದ ಪ್ರತಿ ಮಗುವಿನ ವಿಷಯದಲ್ಲೂ ಈ ಗೊಂದಲ ಬರುತ್ತದೆ. ವಾರಕ್ಕೆ ಸೂರ್ಯೋದಯ ನೋಡಬೇಕು, ಸಂಖ್ಯೆಗೆ ಮಧ್ಯರಾತ್ರಿ. ನಕ್ಷತ್ರಕ್ಕೆ ಎರಡೂ ಬೇಡ, ಹುಟ್ಟಿದ ಕ್ಷಣದಲ್ಲಿ ಚಂದ್ರ ಎಲ್ಲಿದ್ದ ಎಂಬುದಷ್ಟೇ ಸಾಕು. ನಕ್ಷತ್ರ ಮುಗಿಯುವ ಕ್ಷಣ ಊರಿಂದ ಊರಿಗೆ ಬದಲಾಗುವುದಿಲ್ಲ, ಬದಲಾಗುವುದು ಸೂರ್ಯೋದಯ ಮತ್ತು ಲಗ್ನ, ಅಂದರೆ ಆ ಹೊತ್ತಿಗೆ ಪೂರ್ವದಲ್ಲಿ ಏಳುತ್ತಿರುವ ರಾಶಿ. ವಿದೇಶದಲ್ಲಿ ಮಗು ಹುಟ್ಟಿದಾಗ ಊರಿನ ಕ್ಯಾಲೆಂಡರ್ ನೋಡುವವರು ಮೊದಲು ಅಲ್ಲಿಯ ಹೊತ್ತನ್ನು ಭಾರತದ ಹೊತ್ತಿಗೆ ತಿರುಗಿಸಿಕೊಳ್ಳಬೇಕು. ಆಮೇಲೆ ನಕ್ಷತ್ರ ನೋಡಿದರೆ ತಪ್ಪುವುದಿಲ್ಲ.

ಪಾದ ಯಾವುದು

2025ರ ಮಾರ್ಚ್ 14ರ ಮಧ್ಯಾಹ್ನ ಹುಣ್ಣಿಮೆ ಮುಗಿದಿತ್ತು. ಹಸ್ತ ನಕ್ಷತ್ರ 15ರ ಬೆಳಗ್ಗೆ ಸುಮಾರು 8.54ಕ್ಕೆ ಶುರುವಾಗಿ 16ರ ಬೆಳಗ್ಗೆ ಸುಮಾರು 11.45ರವರೆಗೆ ಇತ್ತು, ಅಂದರೆ 26 ಗಂಟೆ 51 ನಿಮಿಷ. ಚಂದ್ರ ಆಗ ಭೂಮಿಯಿಂದ ತನ್ನ ಅತಿ ದೂರದ ಬಿಂದುವಿನ ಹತ್ತಿರವಿದ್ದು ನಿಧಾನವಾಗಿ ಸಾಗುತ್ತಿದ್ದ. ಅದಕ್ಕೇ ನಕ್ಷತ್ರದ ಅವಧಿ ಸರಾಸರಿಗಿಂತ ಎರಡೂವರೆ ಗಂಟೆ ಹೆಚ್ಚು. ನಾಲ್ಕು ಭಾಗ ಮಾಡಿದರೆ ಒಂದೊಂದು ಪಾದಕ್ಕೆ 6 ಗಂಟೆ 43 ನಿಮಿಷ. ಮೂರನೇ ಪಾದ 15ರ ರಾತ್ರಿ 10.20ರ ಹೊತ್ತಿಗೆ ಶುರುವಾಗಿ ಬೆಳಗಿನ ಜಾವ 5ರ ಆಸುಪಾಸಿನವರೆಗೆ. 12.40 ಅದರೊಳಗೆ ಬರುತ್ತದೆ. ಹಸ್ತದ ನಾಲ್ಕೂ ಪಾದ ಕನ್ಯಾ ರಾಶಿಯಲ್ಲೇ ಇರುವುದರಿಂದ ರಾಶಿಯ ಪ್ರಶ್ನೆಯೇ ಏಳಲಿಲ್ಲ.

ಕೆಲವರು ಪ್ರತಿ ಪಾದಕ್ಕೆ ಕಣ್ಣುಮುಚ್ಚಿ 6 ಗಂಟೆ ಹಿಡಿದು ಲೆಕ್ಕ ಹಾಕುತ್ತಾರೆ. ಈ ಮಗುವಿಗೆ ಹಾಗೆ ಮಾಡಿದರೂ ಮೂರನೇ ಪಾದವೇ ಬರುತ್ತಿತ್ತು. ಆದರೆ ಬೆಳಗಿನ ಜಾವ 4ಕ್ಕೆ ಹುಟ್ಟಿದ್ದರೆ ನಾಲ್ಕನೆಯದೆಂದು ತಪ್ಪಾಗಿ ಬರೆಯುತ್ತಿದ್ದರು. ಆ ದಿನದ ನಕ್ಷತ್ರದ ಪೂರ್ತಿ ಅವಧಿಯನ್ನು ತೆಗೆದುಕೊಂಡು ನಾಲ್ಕರಿಂದ ಭಾಗಿಸುವುದೇ ಸರಿ. ಹಳೆಯ ತಮಿಳು ಪಂಚಾಂಗಗಳಲ್ಲಿ ಹೊತ್ತನ್ನು ನಾೞಿಗೈಯಲ್ಲಿ ಕೊಡುತ್ತಾರೆ, ನಮ್ಮ ಘಳಿಗೆಯಂತೆ 24 ನಿಮಿಷ, ಎರಡೂವರೆ ಸೇರಿದರೆ ಒಂದು ಗಂಟೆ. ಅದನ್ನು ಎಣಿಸುವುದು ಮಧ್ಯರಾತ್ರಿಯಿಂದಲ್ಲ, ಸೂರ್ಯೋದಯದಿಂದ.

ತಮಿಳುನಾಡಿನಲ್ಲಿ ಇದರ ಮೇಲೆ ಇನ್ನೊಂದು ತೊಡಕಿದೆ. ಅಲ್ಲಿ ಎರಡು ಬಗೆಯ ಪಂಚಾಂಗ ನಡೆಯುತ್ತದೆ. ಒಂದು ವಾಕ್ಯ ಪಂಚಾಂಗ. ವರರುಚಿಯ ಹೆಸರಿನಲ್ಲಿ ಬಂದ 248 ಚಂದ್ರವಾಕ್ಯಗಳ ಮೇಲೆ ಅದರ ಚಂದ್ರಗಣಿತ ನಿಂತಿದೆ. ಇನ್ನೊಂದು ತಿರುಕ್ಕಣಿತ, ಆಕಾಶದಲ್ಲಿ ಈಗ ಕಾಣುವ ಸ್ಥಾನಕ್ಕೆ ತಾಳೆಯಾಗುವಂತೆ ತಿದ್ದಿದ ಗಣಿತ. ಸೂರ್ಯನ ಸೆಳೆತದಿಂದ ಚಂದ್ರನ ಗತಿಯಲ್ಲಿ ಆಗುವ ಏರುಪೇರನ್ನು ವಾಕ್ಯಗಳು ಪೂರ್ತಿ ಹಿಡಿಯುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಹತ್ತಿರ ಈ ಕೊರತೆಯಿಂದಾಗುವ ಅಂತರ ಕಡಿಮೆ, ಅಷ್ಟಮಿಯ ಹತ್ತಿರ ಹೆಚ್ಚು, ಕೆಲವು ಗಂಟೆಗಳಷ್ಟಾಗಬಹುದು. ಪಾದ ಬದಲಾಗಲು ಅಷ್ಟು ಧಾರಾಳ ಸಾಕು, ಕೆಲವೊಮ್ಮೆ ನಕ್ಷತ್ರವೇ ಬದಲಾಗುತ್ತದೆ. ಎರಡು ಗಣಿತಗಳ ಭಿನ್ನತೆ ಎಷ್ಟು ದೂರ ಹೋಗುತ್ತದೆಂದು ಅದೇ ಮಾರ್ಚ್ ತಿಂಗಳು ಎಲ್ಲರೂ ಕಂಡರು. ತಿರುಕ್ಕಣಿತದ ಪ್ರಕಾರ ಶನಿ ಮೀನಕ್ಕೆ ಹೋದದ್ದು 2025ರ ಮಾರ್ಚ್ 29ಕ್ಕೆ. ವಾಕ್ಯ ಪಂಚಾಂಗ ಅನುಸರಿಸುವ ತಿರುನಳ್ಳಾರಿನ ಶನೀಶ್ವರ ಕ್ಷೇತ್ರದಲ್ಲಿ ಶನಿ ಪೆಯರ್ಚ್ಚಿ, ಅಂದರೆ ಶನಿ ರಾಶಿ ಬದಲಿಸುವುದು, 2026ಕ್ಕೇ ಎಂದು ತಿಳಿಸಿದರು.

ಎರಡೂ ನೋಡಿ ಮನಸ್ಸಿಗೆ ಹಿತವಾದದ್ದನ್ನು ಆರಿಸಿಕೊಳ್ಳುವುದು ದೊಡ್ಡ ತಪ್ಪು. ಮನೆತನದಲ್ಲಿ ಯಾವುದರ ಬಳಕೆಯಿದೆಯೋ ಅದನ್ನೇ ಹಿಡಿಯಬೇಕು, ನಾಳೆ ಮದುವೆಯ ಪೊರುತ್ತ (ಜಾತಕದ ಹೊಂದಾಣಿಕೆ) ನೋಡುವಾಗಲೂ ಅದನ್ನೇ. ಈ ಮನೆಯಲ್ಲಿ ತಿರುಕ್ಕಣಿತ.

ಜಾತಕ ಕೈಗೆ ಬಂದ ಮೇಲೆ ಪಾದವನ್ನು ಮನೆಯವರೇ ಪರೀಕ್ಷಿಸುವ ಎರಡು ದಾರಿಗಳಿವೆ. ಮೊದಲನೆಯದು ದಶೆಯ ‘ಇರುಪ್ಪು’, ಅಂದರೆ ಹುಟ್ಟಿದಾಗ ಉಳಿದಿದ್ದ ದಶಾವಧಿ. ಹಸ್ತಕ್ಕೆ ಚಂದ್ರ ದಶೆ, ಒಟ್ಟು 10 ವರ್ಷ. ಮೂರನೇ ಪಾದವಾದರೆ ಉಳಿಕೆ 5 ವರ್ಷದಿಂದ 2 ವರ್ಷ 6 ತಿಂಗಳ ನಡುವೆ ಇರಲೇಬೇಕು. ಈ ಮಗುವಿಗೆ ಬಂದದ್ದು 4 ವರ್ಷದ ಮೇಲೆ ಒಂದೂವರೆ ತಿಂಗಳಷ್ಟು. ಎರಡನೆಯದು ನವಾಂಶ ಕುಂಡಲಿ, ಪ್ರತಿ ರಾಶಿಯನ್ನು ಒಂಬತ್ತು ಭಾಗ ಮಾಡಿ ಬರೆಯುವಂಥದ್ದು. ಹಸ್ತ ಮೂರನೇ ಪಾದಕ್ಕೆ ಚಂದ್ರ ಮಿಥುನದಲ್ಲಿ ಕೂತಿರಬೇಕು, ಕೂತಿದ್ದ. ಇವೆರಡರಲ್ಲಿ ಒಂದು ತಾಳೆಯಾಗದಿದ್ದರೂ ಜಾತಕ ಬರೆದವರನ್ನು ಮತ್ತೆ ಕೇಳಲೇಬೇಕು.

ಣ

ಕನ್ನಡದ ಪಂಚಾಂಗಗಳಲ್ಲೂ ಅಚ್ಚಾಗುವ ಅವಕಹಡಾ ಚಕ್ರದಲ್ಲಿ 27 ನಕ್ಷತ್ರಕ್ಕೆ ನಾಲ್ಕರಂತೆ 108 ಅಕ್ಷರ. ಹಸ್ತದ್ದು ಪು, ಷ, ಣ, ಠ. ಮೂರನೇ ಪಾದಕ್ಕೆ ಬಂದದ್ದು ಣ. ಕನ್ನಡದಲ್ಲೂ ಣಕಾರದಿಂದ ಶುರುವಾಗುವ ಹೆಸರಿಲ್ಲ. ತಮಿಳಿನಲ್ಲಂತೂ ಟ, ಣ, ರ, ಲ ಪದದ ಮೊದಲಿಗೆ ಬರಕೂಡದೆಂಬುದು ಹಳೆಯ ವ್ಯಾಕರಣದ ಕಟ್ಟಳೆ. ರಾಮನನ್ನೇ ಅವರು ‘ಇರಾಮನ್’ ಎಂದು ಬರೆಯುವುದು ಅದಕ್ಕೆ.

ತಮಿಳು ಕ್ಯಾಲೆಂಡರುಗಳು ಈ ನಾಲ್ಕನ್ನು ಪೂ, ಷ, ನ, ಟ ಎಂದು ಬದಲಿಸಿ ಅಚ್ಚು ಹಾಕುತ್ತವೆ. ಮಹಾಪ್ರಾಣಕ್ಕೆ ತಮಿಳು ಲಿಪಿಯಲ್ಲಿ ಬೇರೆ ಅಕ್ಷರವಿಲ್ಲ, ಆದ್ದರಿಂದ ಠ ಹೋಗಿ ಟ. ಣ ಮೊದಲಿಗೆ ಬಾರದು, ಆದ್ದರಿಂದ ನ. ವಾಡಿಕೆ ಒಪ್ಪಿರುವ ಬದಲಾವಣೆ ಇದು. ಆದರೆ ಇದಕ್ಕೆ ತೆರಬೇಕಾದ ಬೆಲೆಯನ್ನು ಮನೆಯವರಿಗೆ ಮೊದಲೇ ಹೇಳಬೇಕು. ಅದೇ ಚಕ್ರದಲ್ಲಿ ‘ನ’ ಇರುವುದು ಅನೂರಾಧಾ ಮೊದಲ ಪಾದದಲ್ಲಿ, ವೃಶ್ಚಿಕ ರಾಶಿಯಲ್ಲಿ. ಮುಂದೆ ಜಾತಕ ಕಳೆದುಹೋಗಿ ಯಾರಾದರೂ ಹೆಸರಿನ ಮೊದಲಕ್ಷರದಿಂದ ನಾಮನಕ್ಷತ್ರ ಹಿಡಿದರೆ ಹಸ್ತದ ಹುಡುಗಿ ಅನೂರಾಧೆಯವಳಾಗುತ್ತಾಳೆ. ಆದ್ದರಿಂದ ಜಾತಕದ ಒಂದು ಪ್ರತಿ ತಾಯಿಯ ತವರಿನಲ್ಲೂ ಇರಲಿ ಎಂದು ಸೂಚಿಸಲಾಯಿತು.

‘ಅದೇ ನಕ್ಷತ್ರದ ಬೇರೆ ಪಾದದ ಅಕ್ಷರ ಆಗದೇ?’ ಎಂದು ಪಾಟ್ಟಿ ಕೇಳಿದರು. ಆಗುತ್ತದೆ, ಬಹಳ ಮನೆಗಳಲ್ಲಿ ಮಾಡುತ್ತಾರೆ. ಪೂಂಗುೞಲಿ, ಪೂವಿೞಿ ಎಂಬ ಚೆಂದದ ಹೆಸರುಗಳು ಆ ದಾರಿಯಲ್ಲಿದ್ದವು. ಪಾಟ್ಟಿಯೇ ಪಾದ ಬಿಡಬಾರದೆಂದು ಕೊನೆಗೆ ತೀರ್ಮಾನಿಸಿದ್ದರಿಂದ ‘ನ’ ಉಳಿಯಿತು.

ನ ಎಂದರೆ ಬರೀ ನ. ನಿ, ನು, ನೇ ಅಲ್ಲ. ನಿಲಾ, ನಿತಿಲಾ ಎಂದು ಮನೆಯ ಹೆಣ್ಣುಮಕ್ಕಳು ತಂದ ಹೆಸರುಗಳು ಇಲ್ಲೇ ಬಿದ್ದುಹೋದವು. ಉಳಿದವು: ನಱುಮುಗೈ, ನಱುಮಲರ್, ನನ್ಮೊೞಿ, ಕಣ್ಣನ (ಕೃಷ್ಣನ) ಪ್ರಿಯೆಯೆಂದು ತಮಿಳರು ನೆನೆಯುವ ನಪ್ಪಿನ್ನೈ, ಸಂಗಂ ಕಾಲದ ಕವಯಿತ್ರಿಯ ಹೆಸರಾದ ನಕ್ಕಣ್ಣೈ, ನಂಗೈ.

ನಱುಮುಗೈ ಎಂದರೆ ಕಂಪಿನ ಮೊಗ್ಗು. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ನಮ್ಮ ನರುಗಂಪಿನ ‘ನರು’ವೇ ಅದು, ಹಳಗನ್ನಡದಲ್ಲಿ ನಮ್ಮದೂ ಶಕಟರೇಫದ ‘ನಱು’. ಮುಗೈ ನಮ್ಮ ಮುಗುಳಿನ ತಂಗಿ. ನಾವು ಬಳಕೆಯಿಂದ ಬಿಟ್ಟ ಱ ಮತ್ತು ೞ ಎರಡೂ ತಮಿಳು ಹೆಸರುಗಳಲ್ಲಿ ಇನ್ನೂ ಉಸಿರಾಡುತ್ತಿವೆ. ಸಂಖ್ಯೆಯ ಹೆಸರಿನಲ್ಲಿ ಅವನ್ನು ಹೊಸಕಿ ಹಾಕುವುದನ್ನು ಕಂಡಾಗ ನಿಜಕ್ಕೂ ನೋವಾಗುತ್ತದೆ.

ಕೂಡಿ ನೋಡಿದ್ದು

ತಮಿಳುನಾಡಿನಲ್ಲಿ ಬಳಕೆಯಲ್ಲಿರುವ, ಅಕ್ಷರಕ್ಕೊಂದು ಸಂಖ್ಯೆ ಕೊಡುವ ಕಲ್ದಿಯನ್ ಕೋಷ್ಟಕ ಜನಪ್ರಿಯವಾದದ್ದು ಐರ್ಲೆಂಡಿನ ಭವಿಷ್ಯಗಾರ ಕೀರೋನಿಂದ (1866–1936). ಅದು ಇಂಗ್ಲಿಷ್ ಅಕ್ಷರಗಳ ಲೆಕ್ಕ, ತಮಿಳು ಅಕ್ಷರಕ್ಕೆ ಅದರಲ್ಲಿ ಜಾಗವೇ ಇಲ್ಲ. ಎ, ಐ, ಜೆ, ಕ್ಯೂ, ವೈಗೆ 1. ಬಿ, ಕೆ, ಆರ್‌ಗೆ 2. ಸಿ, ಜಿ, ಎಲ್, ಎಸ್‌ಗೆ 3. ಡಿ, ಎಂ, ಟಿಗೆ 4. ಇ, ಎಚ್, ಎನ್, ಎಕ್ಸ್‌ಗೆ 5. ಯು, ವಿ, ಡಬ್ಲ್ಯೂಗೆ 6. ಓ, ಝಡ್‌ಗೆ 7. ಎಫ್, ಪಿಗೆ 8. 9 ಯಾವ ಅಕ್ಷರಕ್ಕೂ ಇಲ್ಲ. ಹೆಸರನ್ನು ತಿದ್ದಿದರೆ ಬದುಕು ತಿರುಗುತ್ತದೆ ಎಂಬುದಕ್ಕೆ ಪುರಾವೆಯಿಲ್ಲ. ಆದರೆ ತಾತ್ತಾ ಕೇಳಿದ್ದು ಪುರಾವೆಯನ್ನಲ್ಲ, ತಪ್ಪಿಲ್ಲದ ಲೆಕ್ಕವನ್ನು.

ನಱುಮುಗೈ: ಎನ್ 5, ಎ 1, ಆರ್ 2, ಯು 6, ಎಂ 4, ಯು 6, ಜಿ 3, ಎ 1, ಐ 1. ಮೊತ್ತ 29. ಕೀರೋನ ಫಲದಲ್ಲಿ 29 ಒಳ್ಳೆಯದಲ್ಲ, ನಂಬಿದವರಿಂದ ಮೋಸ ಎಂದಿದೆ. ಮನೆಯವರ ಮುಖ ಸಪ್ಪಗಾಯಿತು. ತಾತ್ತಾ ವಿಚಾರಿಸಿದ ಸಂಖ್ಯಾಶಾಸ್ತ್ರಿ ಜಿ ಆದ ಮೇಲೆ ಒಂದು ಎಚ್ ಸೇರಿಸಿ 34 ಮಾಡಿಕೊಳ್ಳಿ ಎಂದರು. ಹಾಗೆ ಬರೆದರೆ ತಮಿಳು ಬಾರದ ಶಿಕ್ಷಕಿ ಅದನ್ನು ‘ನರುಮುಘೈ’ ಎಂದು ಓದುತ್ತಾಳೆ, ಮಗು ಜೀವನವಿಡೀ ಆ ಎಚ್ ಬಿಡಿಸಿ ಹೇಳಬೇಕಾಗುತ್ತದೆ.

ಉಚ್ಚಾರಣೆ ಒಪ್ಪುವ ಕಾಗುಣಿತ ಬೇರೆ, ಸಂಖ್ಯೆಗಾಗಿ ತುರುಕಿದ್ದು ಬೇರೆ. ತಮಿಳಿನಲ್ಲಿ ಕ, ಗಗಳಿಗೆ ಒಂದೇ ಅಕ್ಷರ, ಸ್ವರಗಳ ನಡುವೆ ಅದು ಗ ಅಥವಾ ಸಡಿಲವಾದ ಹ ಆಗಿ ಕೇಳುತ್ತದೆ. ಆದ್ದರಿಂದ ಇಂಗ್ಲಿಷಿನಲ್ಲಿ ಜಿ, ಎಚ್, ಕೆ ಮೂರೂ ಕಾಣಸಿಗುತ್ತವೆ, ಮೊತ್ತ ಕ್ರಮವಾಗಿ 29, 31, 28. ಕೆ ಬೇಡವೆಂದದ್ದು ತಾಯಿ: ಓದುವವರ ಬಾಯಲ್ಲಿ ಕೊನೆಗೆ ‘ಕೈ’ ಉಳಿಯುತ್ತದೆ, ಮೊಗ್ಗು ಹೋಗುತ್ತದೆ. ಸರಿಯಾದ ಮಾತು.

ಇಲ್ಲಿಯವರೆಗೆ ಬಿಟ್ಟುಹೋಗಿದ್ದು ಇನಿಶಿಯಲ್. ತಮಿಳುನಾಡಿನಲ್ಲಿ ಹುಡುಗಿಯ ಹೆಸರು ಶಾಲೆಯ ಹಾಜರಿಯಿಂದ ಬ್ಯಾಂಕಿನವರೆಗೆ ಇನಿಶಿಯಲ್ ಸಮೇತ ಓಡಾಡುತ್ತದೆ. ಹೆಸರನ್ನು ದಿನವೂ ಬರೆಯುವ ರೂಪದಲ್ಲೇ ಎಣಿಸಬೇಕು. ಪಿ 8, ಸೇರಿಸಿದರೆ 37. ಕೀರೋನ ಫಲದಲ್ಲಿ 37 ಶುಭ, ಏಕಾಂಕ 1, ಮಗುವಿನ ವಿಧಿ ಸಂಖ್ಯೆಯೂ 1. ತಮಿಳಿನ ‘ಪ’ ಇನಿಶಿಯಲ್ ಇಂಗ್ಲಿಷಿನಲ್ಲಿ ಪಿಯೂ ಆಗಬಹುದು, ಬಿಯೂ ಆಗಬಹುದು. ಬಿ ಆಗಿದ್ದರೆ ಮೊತ್ತ 31. ತಂದೆಯ ದಾಖಲೆಗಳಲ್ಲಿ ಪಿ ಇದೆಯೆಂದು ನೋಡಿಕೊಂಡೇ ಮುಂದೆ ಹೋದದ್ದು.

ಇನ್ನೊಂದು ಪರೀಕ್ಷೆ ಬಾಕಿ. ತಮಿಳುನಾಡಿನಲ್ಲಿ ಸಾಮಾನ್ಯವಾಗಿ ಇನಿಶಿಯಲ್ ಮತ್ತು ಹೆಸರಿನ ಎಲ್ಲ ಅಕ್ಷರಗಳನ್ನು ಒಟ್ಟಿಗೆ ಕೂಡುತ್ತಾರೆ. ಕೀರೋ ಹಾಗಲ್ಲ, ಪ್ರತಿ ಭಾಗವನ್ನು ಮೊದಲು ಏಕಾಂಕಕ್ಕೆ ಇಳಿಸಿ ಆಮೇಲೆ ಕೂಡುತ್ತಿದ್ದ. ಕೊನೆಯ ಏಕಾಂಕ ಎರಡರಲ್ಲೂ ಒಂದೇ, ಆದರೆ ಫಲ ಹೇಳುವ ಎರಡಂಕಿಯ ಸಂಖ್ಯೆ ಬೇರೆಯಾಗುತ್ತದೆ. ಇಬ್ಬರು ಸಂಖ್ಯಾಶಾಸ್ತ್ರಿಗಳು ಒಂದೇ ಹೆಸರಿಗೆ ಎರಡು ಫಲ ಹೇಳಲು ಇದೊಂದು ಮುಖ್ಯ ಕಾರಣ. ನಱುಮುಗೈ ಕೀರೋನ ರೀತಿಯಲ್ಲಿ 29ರಿಂದ 11, ಅದರಿಂದ 2, ಪಿಯ 8 ಸೇರಿ 10, ಅದೂ ಶುಭವೇ.

ನನ್ಮೊೞಿಯ ಕತೆ ಬೇರೆ. ೞ ಧ್ವನಿಗೆ ತಮಿಳರು ಇಂಗ್ಲಿಷಿನಲ್ಲಿ ಝಡ್ ಮತ್ತು ಎಚ್ ಸೇರಿಸಿ ಬರೆಯುತ್ತಾರೆ, ಆ ಒಂದು ಧ್ವನಿಗೇ 12. ಹೆಸರು 35, ಇನಿಶಿಯಲ್ ಸೇರಿ 43. ಎರಡೂ ಅಶುಭ. ಅವೆರಡರ ಬದಲು ಎಲ್ ಹಾಕಿದರೆ 26, ಪಿ ಸೇರಿ 34, ಶುಭವಂತೆ. ಆದರೆ ೞ ಹೋಯಿತು, ‘ಒಳ್ಳೆಯ ನುಡಿ’ ಎಂಬ ಅರ್ಥ ಕಿವಿಗೆ ಬೀಳದು. ಕೀರೋನ ರೀತಿಯಲ್ಲಿ ಕೂಡಿದರೆ 8 ಮತ್ತು 8 ಸೇರಿ 16, ಕುಸಿದ ಕೋಟೆ ಎಂದು ಅವನೇ ಎಚ್ಚರಿಸಿದ ಸಂಖ್ಯೆ. ಅಕ್ಷರ ಬಲಿಕೊಟ್ಟೂ ಫಲ ಸಿಗಲಿಲ್ಲ. ನಪ್ಪಿನ್ನೈ ಕೂಡ 35 ಮತ್ತು 43. ನಕ್ಕಣ್ಣೈ ಒಂಟಿಯಾಗಿ 23, ಬಹಳ ಒಳ್ಳೆಯದು, ಪಿ ಸೇರಿದ ಕೂಡಲೇ 31. ನಂಗೈ 16ರಿಂದ 24ಕ್ಕೆ ಏರಿತು, ನಱುಮಲರ್ 25ರಿಂದ 33ಕ್ಕೆ. ಇವೆರಡೂ ಶುಭವೇ, ಏಕಾಂಕ ಮಾತ್ರ 6, ಬಿಟ್ಟುಬಂದ 15ನೇ ತಾರೀಖಿಗೆ ಒಪ್ಪುವಂಥದ್ದು.

ನಱುಮುಗೈ ಉಳಿಯಿತು.

ತೊಟ್ಟಿಲು, ಕಾಗದ

ಹನ್ನೊಂದನೆಯ ದಿನಕ್ಕೆ ಹೆಸರಿಡುವ ಪದ್ಧತಿ ಈ ಮನೆಯದು. ಶನಿವಾರದಿಂದ ಎಣಿಸಿದರೆ ಮಾರ್ಚ್ 25, ಭಾನುವಾರದಿಂದ ಎಣಿಸಿದರೆ 26. 25 ಮಂಗಳವಾರ, ನಾಮಕರಣಕ್ಕೆ ಬಿಡುವ ವಾರ. 26ರ ಬುಧವಾರ ಅವಿಟ್ಟಂ, ನಮ್ಮ ಧನಿಷ್ಠಾ. ಹಸ್ತದಿಂದ ಎಣಿಸಿದರೆ ಹನ್ನೊಂದನೆಯದು, ಒಂಬತ್ತು ಕಳೆದರೆ ಎರಡು, ಶುಭವೆಂದು ಎಣಿಸುವ ಸಂಪತ್ತಾರೆ. ಅದನ್ನೇ ಇಟ್ಟುಕೊಂಡರು. ಅತ್ತೈ, ಅಂದರೆ ತಂದೆಯ ತಂಗಿ, ಮಗುವಿನ ಬಲಗಿವಿಯಲ್ಲಿ ಮೂರು ಸಲ ಹೆಸರು ಹೇಳಿದರು. ನಾಲಿಗೆಗೆ ಜೇನು ಮುಟ್ಟಿಸುವ ವಾಡಿಕೆಯನ್ನು ಕೈಬಿಡಿಸಲಾಯಿತು. ಒಂದು ವರ್ಷ ತುಂಬದ ಮಗುವಿಗೆ ಜೇನಿನಿಂದ ಬೊಟುಲಿಸಂ ತಗಲುವ ಅಪಾಯವಿದೆ.

ಜನನ ನೋಂದಣಿಗೆ 21 ದಿನದ ಗಡುವು. ಹೆಸರು ನಿಶ್ಚಯವಾಗದಿದ್ದರೆ ಹೆಸರಿಲ್ಲದೆಯೇ ನೋಂದಾಯಿಸಿ, ನೋಂದಣಿಯ ದಿನದಿಂದ ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಸಂಖ್ಯೆ ಕೂಡಿಬರಲಿಲ್ಲವೆಂದು ನೋಂದಣಿಯನ್ನೇ ತಡಮಾಡುವ ಅಗತ್ಯವಿಲ್ಲ. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಶಾಲೆ, ಆಧಾರ್, ಪಾಸ್‌ಪೋರ್ಟಿಗೆಲ್ಲ ಹುಟ್ಟಿದ ದಿನದ ಆಧಾರ ಜನನ ಪ್ರಮಾಣಪತ್ರವೇ. ಅದರಲ್ಲಿ ಬಿದ್ದ ಕಾಗುಣಿತ ಮುಂದೆ ಎಲ್ಲ ಕಡೆ ಹೋಗುತ್ತದೆ. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ನಡೆಯದು, ತಂದೆಯ ಹೆಸರು ಪೂರ್ತಿ ಬಿಡಿಸಬೇಕು, ಆಗ 37 ಉಳಿಯುವುದಿಲ್ಲ. ಇದನ್ನು ತಾತ್ತಾಗೆ ಅಂದೇ ಹೇಳಲಾಯಿತು. ದಿನವೂ ಬರೆಯುವ ಹೆಸರಿಗೆ ಕೂಡಿದ್ದು ಸಾಕು ಎಂದರು.

ಪ್ರಮಾಣಪತ್ರ ತಮಿಳು, ಇಂಗ್ಲಿಷ್ ಎರಡರಲ್ಲೂ ಬರುತ್ತದೆ. ಇಂಗ್ಲಿಷ್ ಕಾಗುಣಿತವನ್ನು ಮೂರು ಮೂರು ಸಲ ನೋಡುವವರು ತಮಿಳಿನ ಸಾಲನ್ನು ಓದದೇ ಸಹಿ ಹಾಕುವುದುಂಟು. ಇಲ್ಲಿ ಕರಡು ಪ್ರತಿಯಲ್ಲಿ ಱ ಇರಬೇಕಾದ ಕಡೆ ಸಾದಾ ರ ಬಿದ್ದಿತ್ತು. ತಾಯಿ ಅದನ್ನು ಪೆನ್ನಿನಿಂದ ಸುತ್ತಿ, ಪಕ್ಕದಲ್ಲಿ ಸರಿಯಾದ ಅಕ್ಷರವನ್ನು ದೊಡ್ಡದಾಗಿ ಬರೆದು ವಾಪಸ್ಸು ಕೊಟ್ಟರು.